ಹೆಗಲು ಮತ್ತು ಕೂಲಿ: ಕಲ್ಕತ್ತೆಯಲ್ಲಿ ಅಂತ್ಯಕ್ರಿಯೆಯ ವೃತ್ತಿ

೧

ಸುಡುಗಾಡಿನ ವೃತ್ತಿಯನ್ನು ಕುರಿತು ಕನ್ನಡ ಕಾವ್ಯಪರಂಪರೆಯಲ್ಲಿ ದೊರೆಯುವ ಅತ್ಯಂತ ತೀವ್ರವಾದ ಪ್ರಸಂಗ ರಾಘವಾಂಕನ ‘ಹರಿಶ್ಚಂದ್ರಕಾವ್ಯ’ದಲ್ಲಿದೆ. ರಾಜ್ಯವನ್ನು ಕಳೆದುಕೊಂಡ ಅರಸು ಕಾಶಿಯಲ್ಲಿ ವೀರಬಾಹುಕನಿಗೆ ತನ್ನನ್ನು ಮಾರಿಕೊಂಡು ಸ್ಮಶಾನದ ಕಾವಲಿಗೆ ನಿಲ್ಲುತ್ತಾನೆ. ಸತ್ತ ಮಗನನ್ನು ಹೊತ್ತು ಬಂದ ಹೆಂಡತಿಯಿಂದಲೇ ಸುಡುವುದಕ್ಕೆ ಸಲ್ಲಬೇಕಾದ ತೆರೆಯನ್ನು ಕೇಳುತ್ತಾನೆ. ಈ ಪ್ರಸಂಗವನ್ನು ಸತ್ಯನಿಷ್ಠೆಯ ಪರೀಕ್ಷೆಯೆಂದು ಓದುವುದು ವಾಡಿಕೆ. ಆದರೆ ಇದರೊಳಗೆ ಒಂದು ಆರ್ಥಿಕ ಸಂಬಂಧದ ಚಿತ್ರವೂ ಇದೆಯೆಂಬುದನ್ನು ಗಮನಿಸಬೇಕು. ಸ್ಮಶಾನಕ್ಕೆ ಒಬ್ಬ ಒಡೆಯನಿದ್ದಾನೆ, ಅವನ ಕೈಕೆಳಗೆ ದುಡಿಯುವವನಿದ್ದಾನೆ, ಹೆಣಕ್ಕೆ ಇಂತಿಷ್ಟು ಎಂಬ ದರವಿದೆ. ದರ ಕೊಡಲಾಗದ ಬಡವಿಯೂ ಇದ್ದಾಳೆ. ಸಾವಿನ ವೃತ್ತಿಯ ಚರಿತ್ರೆಯನ್ನು ಬರೆಯಹೊರಟವರು ಎದುರಿಸಬೇಕಾದ ನಾಲ್ಕು ಪಾತ್ರಗಳೂ ಇಲ್ಲಿಯೇ ಇವೆ.

ಯೂರೋಪ್ ಹಾಗೂ ಅಮೆರಿಕದ ಸಣ್ಣ ಊರುಗಳಲ್ಲಿ ಈ ವೃತ್ತಿ ಮನೆತನದ ವ್ಯಾಪಾರವಾಗಿ ಬೆಳೆಯಿತು. ಮಂಚ, ಮೇಜು ಮಾಡುತ್ತಿದ್ದ ಬಡಗಿಯೇ ಶವಪೆಟ್ಟಿಗೆಯನ್ನೂ ಮಾಡಿಕೊಡುತ್ತಿದ್ದನು. ಕ್ರಮೇಣ ಗಾಡಿ, ಕುದುರೆ, ಹೊರುವ ಆಳುಗಳು, ಕೊನೆಗೆ ಶವವನ್ನಿಡುವ ಮನೆ ಇವೆಲ್ಲವೂ ಅವನ ಅಂಗಡಿಗೆ ಸೇರಿದುವು. ಅಮೆರಿಕದ ಅಂತರ್ಯುದ್ಧದ ಕಾಲದಲ್ಲಿ (೧೮೬೧-೬೫) ದೂರದ ರಣರಂಗದಿಂದ ಸೈನಿಕರ ದೇಹಗಳನ್ನು ಕೆಡದಂತೆ ಊರಿಗೆ ತರಿಸುವ ಅಗತ್ಯ ಉಂಟಾದಾಗ ಶವರಕ್ಷಣೆಯ ರಾಸಾಯನಿಕ ವಿದ್ಯೆಯೂ ಇದರ ಜೊತೆಗೂಡಿತು. ತಂದೆಯ ಹೆಸರಿನ ಮುಂದೆ ‘ಮತ್ತು ಮಕ್ಕಳು’ ಎಂದು ಬರೆದ ಫಲಕವನ್ನು ಹೊತ್ತು, ತಲೆಮಾರುಗಳವರೆಗೆ ಒಂದೇ ಊರಿನ ಸತ್ತವರನ್ನು ನೋಡಿಕೊಳ್ಳುವ ಸಂಸ್ಥೆಗಳು ಹೀಗೆ ರೂಪುಗೊಂಡುವು.

ಭಾರತದಲ್ಲಿ ಇಂತಹ ಸಂಸ್ಥೆಗೆ ಸಮೀಪವಾದುದನ್ನು ಹುಡುಕಿದರೆ ನಮಗೆ ಮೊದಲು ಎದುರಾಗುವ ನಗರ ಕಲ್ಕತ್ತೆ. (೨೦೦೧ರಿಂದ ಇದರ ಅಧಿಕೃತ ಹೆಸರು ಕೋಲ್ಕತ್ತ, ಹಿಂದಿನ ಕಾಲದ ಸಂದರ್ಭದಲ್ಲಿ ಹಳೆಯ ಹೆಸರನ್ನೇ ಬಳಸಿದ್ದೇವೆ.) ಈ ವೃತ್ತಿಯು ಅಲ್ಲಿ ಯಾರ ಪಾಲಿಗೆ ವ್ಯಾಪಾರವಾಯಿತು, ಯಾರ ಪಾಲಿಗೆ ಸೇವೆಯಾಯಿತು, ಯಾರ ಪಾಲಿಗೆ ಬಿಡಲಾಗದ ಹೊರೆಯಾಯಿತು ಎಂಬುದನ್ನು ಪರಿಶೀಲಿಸುವುದು ಈ ಲೇಖನದ ಉದ್ದೇಶ.

೨

ಕಲ್ಕತ್ತೆಯ ಇಂಗ್ಲಿಷರ ಚರಿತ್ರೆ ಒಂದು ಸಮಾಧಿಯಿಂದ ಆರಂಭವಾಗುತ್ತದೆಂದರೆ ಅತಿಶಯೋಕ್ತಿಯಾಗದು. ಕಂಪನಿಯ ನೆಲೆಯನ್ನು ಅಲ್ಲಿ ಸ್ಥಾಪಿಸಿದ ಜಾಬ್ ಚಾರ್ನಕ್ ತೀರಿಕೊಂಡದ್ದು ೧೬೯೩ರ ಆರಂಭದಲ್ಲಿ. ಸಂತ ಜಾನ್ ಚರ್ಚಿನ ಅಂಗಳದಲ್ಲಿರುವ ಅವನ ಗೋರಿಯ ಕಲ್ಲು ಬಂಗಾಳದ್ದಲ್ಲ. ಮದರಾಸಿನ ಬಳಿಯ ಪಲ್ಲಾವರದಿಂದ ಬಂದುದು. ಇನ್ನೂರು ವರ್ಷಗಳ ನಂತರ ಭೂವಿಜ್ಞಾನಿ ಥಾಮಸ್ ಹಾಲಂಡ್ ಈ ಕಲ್ಲನ್ನು ಪರೀಕ್ಷಿಸಿ, ಆ ಬಗೆಯ ಶಿಲೆಗೆ ‘ಚಾರ್ನಕೈಟ್’ ಎಂದು ಹೆಸರಿಟ್ಟನು. ನಮ್ಮ ಬಿಳಿಗಿರಿರಂಗನ ಬೆಟ್ಟದ ಬಂಡೆಗಳನ್ನೂ ಭೂವಿಜ್ಞಾನವು ಇಂದಿಗೂ ಕರೆಯುವುದು ಕಲ್ಕತ್ತೆಯ ಆ ಗೋರಿಯ ಹೆಸರಿನಿಂದಲೇ.

ಈ ಸಂಗತಿ ಕೇವಲ ಕುತೂಹಲದ್ದಲ್ಲ. ಗಂಗೆಯ ಮೆಕ್ಕಲುಮಣ್ಣಿನ ಮೇಲೆ ನಿಂತ ಕಲ್ಕತ್ತೆಯಲ್ಲಿ ಕಲ್ಲು ಸಿಗುವುದಿಲ್ಲ. ೧೭೬೭ರಲ್ಲಿ ತೆರೆದ ದಕ್ಷಿಣ ಪಾರ್ಕ್ ಸ್ಟ್ರೀಟ್ ಸ್ಮಶಾನದ ಎತ್ತರದ ಗೋಪುರಗಳೂ ಪಿರಮಿಡ್ಡುಗಳೂ ಬಹುಮಟ್ಟಿಗೆ ಇಟ್ಟಿಗೆ, ಗಾರೆಗಳಿಂದ ಕಟ್ಟಿದವು. ಹೊರಗಿನಿಂದ ಬಂದ ಕಲ್ಲಿನ ಫಲಕದ ಮೇಲೆ ಅಕ್ಷರ ಕೆತ್ತುವುದು, ಮಳೆ ಸೆಕೆಗಳಲ್ಲಿ ಒಂದು ದಿನವೂ ಇಟ್ಟುಕೊಳ್ಳಲಾಗದ ದೇಹಕ್ಕೆ ಕೂಡಲೇ ಪೆಟ್ಟಿಗೆ ಒದಗಿಸುವುದು, ಬಂಧುಗಳಿಲ್ಲದ ಪರದೇಶದಲ್ಲಿ ಹೊರುವವರನ್ನು ಹೊಂದಿಸುವುದು ಇವೆಲ್ಲಕ್ಕೂ ಹಣ ಪಡೆದು ದುಡಿಯುವ ಒಬ್ಬ ಮಧ್ಯವರ್ತಿ ಬೇಕಾದನು. ಕಂಪನಿಯ ನೌಕರಿಗೆ ಬಂದ ತರುಣರಲ್ಲಿ ಬಹುಮಂದಿ ಜ್ವರ, ಆಮಶಂಕೆಗಳಿಗೆ ತುತ್ತಾಗುತ್ತಿದ್ದರು. ಇಂದಿನ ಪಾರ್ಕ್ ಸ್ಟ್ರೀಟಿಗೆ ಅಂದು ‘ಗೋರಿಸ್ಥಾನದ ರಸ್ತೆ’ ಎಂಬ ಅರ್ಥದ ಇಂಗ್ಲಿಷ್ ಹೆಸರೇ ಇದ್ದಿತೆಂಬುದು ಆ ದಾರಿಯಲ್ಲಿ ಹೋಗುತ್ತಿದ್ದ ಮೆರವಣಿಗೆಗಳು ಯಾವುವೆಂಬುದನ್ನು ಹೇಳುತ್ತದೆ.

ಇಂಗ್ಲೆಂಡಿನಲ್ಲಿ ‘ಅಂಡರ್‌ಟೇಕರ್’ ಎನಿಸಿಕೊಂಡಿದ್ದ ವೃತ್ತಿ ಕಲ್ಕತ್ತೆಯಲ್ಲಿ ಬೇರೂರಿದ್ದು ಈ ಹಿನ್ನೆಲೆಯಲ್ಲಿ. ಹತ್ತೊಂಬತ್ತನೆಯ ಶತಮಾನದ ಇಂತಹ ಸಂಸ್ಥೆಗಳಲ್ಲಿ ಲೆವೆಲಿನ್ ಅಂಡ್ ಕಂಪನಿಯ ಹೆಸರು ನಮಗೆ ಮುಖ್ಯವಾದುದು. ಅಂತ್ಯಕ್ರಿಯೆಯ ಏರ್ಪಾಡು, ಸ್ಮಾರಕಶಿಲ್ಪ ಎರಡೂ ಇದರ ವ್ಯವಹಾರಗಳಾಗಿದ್ದುವು. ಗೋರಿಕಲ್ಲಿನ ಕೆಳಗಿನ ಮೂಲೆಯಲ್ಲಿ ಕಂಪನಿಯ ಹೆಸರನ್ನು ಸಣ್ಣ ಅಕ್ಷರಗಳಲ್ಲಿ ಕೆತ್ತುವುದು ಇವರ ಪದ್ಧತಿ. ನಮ್ಮ ಶಾಸನಗಳ ಕೊನೆಯಲ್ಲಿ ರೂವಾರಿಯು ತನ್ನ ಹೆಸರನ್ನು ಹೇಳಿಕೊಳ್ಳುವುದನ್ನು ಬಲ್ಲ ಕನ್ನಡ ಓದುಗರಿಗೆ ಇದು ಅಪರಿಚಿತವೆನಿಸದು. ವ್ಯತ್ಯಾಸವೆಂದರೆ, ರೂವಾರಿಯ ಹೆಸರು ಕೀರ್ತಿಗಾಗಿ. ಕಂಪನಿಯ ಹೆಸರು ಮುಂದಿನ ಗಿರಾಕಿಗಾಗಿ.

ಈ ವ್ಯವಸ್ಥೆಯ ಮಿತಿ ೧೮೭೩ರಲ್ಲಿ ಎದ್ದು ಕಂಡಿತು. ಕ್ರೈಸ್ತಮತವನ್ನು ಸ್ವೀಕರಿಸಿದ್ದ ಬಂಗಾಳಿ ಮಹಾಕವಿ ಮೈಕೇಲ್ ಮಧುಸೂದನ ದತ್ತರು ಆ ವರ್ಷದ ಜೂನ್ ೨೯ರಂದು, ಪತ್ನಿ ಹೆನ್ರಿಯೆಟ್ಟಾ ತೀರಿಕೊಂಡ ಮೂರು ದಿನಗಳಲ್ಲಿ, ಕಡುಬಡತನದಲ್ಲಿ ನಿಧನರಾದರು. ಹಿಂದೂಗಳಿಗೆ ಅವರು ಮತ ಬಿಟ್ಟವರು. ಚರ್ಚಿನ ಹಿರಿಯರಿಗೆ ಸಂದೇಹಾಸ್ಪದ ಕ್ರೈಸ್ತರು. ಮಣ್ಣಿಗಿಡಲು ಅನುಮತಿ ಕೊಡುವ ವಿಷಯದಲ್ಲಿ ಹಿಂಜರಿಕೆ ಉಂಟಾಗಿ ದೇಹ ಕಾಯಬೇಕಾಯಿತು. ಮರುದಿನ, ೧೮೪೦ರಿಂದ ಬಳಕೆಯಲ್ಲಿದ್ದ ಲೋಯರ್ ಸರ್ಕ್ಯುಲರ್ ರಸ್ತೆಯ ಸ್ಮಶಾನದಲ್ಲಿ ಸಮಾಧಿಯಾಯಿತು. ಗೋರಿಯ ಮೇಲೆ ಕಲ್ಲು ನಿಂತದ್ದು ೧೮೮೮ರಲ್ಲಿ, ಅಭಿಮಾನಿಗಳ ಪ್ರಯತ್ನದಿಂದ. ಪೆಟ್ಟಿಗೆಯನ್ನೂ ಗಾಡಿಯನ್ನೂ ಹಣದಿಂದ ಕೊಳ್ಳಬಹುದು. ಸತ್ತವನು ನಮ್ಮವನೆಂದು ಒಪ್ಪಿಕೊಳ್ಳುವ ಸಮುದಾಯವನ್ನು ಯಾವ ಕಂಪನಿಯೂ ಒದಗಿಸಲಾರದು.

೩

ಅದೇ ನಗರದ ಹೂಗ್ಲಿ ದಡದಲ್ಲಿ ‘ಸಾವಿನ ಮನೆ’ ಎಂಬ ಮಾತಿಗೆ ಬೇರೊಂದೇ ಅರ್ಥವಿತ್ತು. ಬಂಗಾಳದ ಹಿಂದೂಗಳಲ್ಲಿ ಗಂಗಾಯಾತ್ರೆ ಎಂಬ ಪದ್ಧತಿ ಪ್ರಚಲಿತವಾಗಿತ್ತು. ಸಾಯುವ ಸ್ಥಿತಿಯಲ್ಲಿರುವವರನ್ನು ಮನೆಯಿಂದ ನದಿಯ ದಡಕ್ಕೆ ಒಯ್ದು, ಪ್ರಾಣ ಹೋಗುವವರೆಗೆ ಅಲ್ಲಿಯೇ ಇರಿಸಿಕೊಳ್ಳುತ್ತಿದ್ದರು. ಬಿಸಿಲು ಮಳೆಗಳಲ್ಲಿ ಬಯಲಿನಲ್ಲೇ ಮಲಗಿದ ಇಂತಹ ಮುಮೂರ್ಷುಗಳಿಗಾಗಿ, ರಾಣಿ ರಾಸಮಣಿಯ ಪತಿಯಾದ ಜಮೀನ್ದಾರ ರಾಜಚಂದ್ರ ದಾಸರು ನಿಮ್ತಲಾ ಘಾಟ್‌ನಲ್ಲಿ ಒಂದು ಗಂಗಾಯಾತ್ರಿ ನಿವಾಸವನ್ನು ಕಟ್ಟಿಸಿದರು. ಇದೂ ಒಂದು ಮನೆತನದ ಹೆಸರಿಗೆ ಸಂದ ಮನೆಯೇ. ಆದರೆ ವ್ಯಾಪಾರಕ್ಕಾಗಿ ಅಲ್ಲ, ಪುಣ್ಯಕ್ಕಾಗಿ. ೧೮೨೨ರಲ್ಲಿ ನವ್ರೋಜಿ ಸೊರಾಬ್ಜಿ ಉಮ್ರಿಗರ್ ಎಂಬ ಪಾರ್ಸಿ ವರ್ತಕರು ಬೇಲಿಯಾಘಾಟಾದಲ್ಲಿ ತಮ್ಮ ಸಮುದಾಯಕ್ಕೆ ದೋಖ್ಮಾ, ಅಂದರೆ ಮೌನಗೋಪುರ, ಕಟ್ಟಿಸಿಕೊಟ್ಟದ್ದನ್ನೂ ಇದರ ಪಕ್ಕದಲ್ಲಿಟ್ಟು ನೋಡಬೇಕು. ಹಣವಂತ ಮನೆತನಗಳು ಸಾವಿಗೆ ಸ್ಥಳ ಕೊಟ್ಟುವು. ಕೈಯಾರೆ ಮಾಡುವ ಕೆಲಸವನ್ನು ಬೇರೆಯವರು ಮಾಡಿದರು.

ಆ ಬೇರೆಯವರು ಯಾರು? ಶವವನ್ನು ಹೊರುವುದು ಬಂಧುಗಳ, ನೆರೆಹೊರೆಯವರ ಕರ್ತವ್ಯ. ಹೀಗೆ ಜೊತೆಗೆ ನಡೆದವರಿಗೆ ಬಂಗಾಳಿಯಲ್ಲಿ ‘ಶ್ಮಶಾನಬಂಧು’ ಎಂಬ ಗೌರವದ ಹೆಸರಿದೆ. ಅವರು ಹರಿನಾಮವನ್ನು ಕೂಗುತ್ತ, ಅರಳು ಮತ್ತು ಬಿಡಿಕಾಸುಗಳನ್ನು ದಾರಿಯಲ್ಲಿ ಚೆಲ್ಲುತ್ತ ಘಾಟ್‌ಗೆ ಹೋಗಿ, ಹಿಂದಿರುಗಿ ಬಂದು ಬೆಂಕಿ ಕಬ್ಬಿಣಗಳನ್ನು ಮುಟ್ಟಿ, ಬೇವಿನೆಲೆ ಕಚ್ಚಿ, ಸಿಹಿ ತಿಂದು ಮನೆಗಳಿಗೆ ತೆರಳುತ್ತಾರೆ. ಚಟ್ಟಕ್ಕೆ ಬದಲಾಗಿ ಬಂಗಾಳಿಗಳು ಬಳಸುವ ಮಂಚಕ್ಕೆ ‘ಖಾಟ್’ ಎಂದು ಹೆಸರು. ಘಾಟ್‌ಗಳ ಸಮೀಪದ ಅಂಗಡಿಗಳಲ್ಲಿ ಖಾಟ್, ಹೊಸ ಬಟ್ಟೆ, ಹೂವು, ಧೂಪಗಳು ದೊರೆಯುತ್ತವೆ. ಪಶ್ಚಿಮದ ಮನೆತನದ ಸಂಸ್ಥೆಗೆ ತಕ್ಕಮಟ್ಟಿಗೆ ಹೋಲುವುದು ಈ ಅಂಗಡಿಗಳೇ. ಆದರೆ ಇವರ ವ್ಯವಹಾರ ಸಾಮಗ್ರಿಗೆ ಸೀಮಿತ. ಶವವನ್ನು ಇವರು ಮುಟ್ಟುವುದಿಲ್ಲ.

ಮುಟ್ಟುವವರು ಡೋಮ್ ಮತ್ತು ಮುರ್ದಾಫರಾಶ್ ಎಂದು ಕರೆಸಿಕೊಂಡ ಸಮುದಾಯದವರು. ಚಿತೆ ಒಟ್ಟುವುದು, ಅರೆಬೆಂದ ಎಲುಬುಗಳನ್ನು ತಿರುವಿ ಹಾಕುವುದು, ಬೂದಿ ಬಾಚುವುದು ಇವರ ಪಾಲಿನ ಕೆಲಸ. ಕಾಶಿಯಲ್ಲಿ ಡೋಮ್ ರಾಜನ ಮನೆತನಕ್ಕೆ ಘಾಟ್‌ನ ಬೆಂಕಿಯ ಮೇಲೆ ವಂಶಪಾರಂಪರ್ಯದ ಹಕ್ಕಿದೆ. ಹರಿಶ್ಚಂದ್ರನನ್ನು ಕೊಂಡವನು ತಮ್ಮ ಮೂಲಪುರುಷನೆಂಬ ಐತಿಹ್ಯವೂ ಆ ಮನೆತನಕ್ಕಿದೆ. ಕಲ್ಕತ್ತೆಯ ಘಾಟ್‌ಗಳು ಪೌರಾಡಳಿತದ ಹತೋಟಿಗೆ ಬಂದುದರಿಂದ ಅಲ್ಲಿನ ಡೋಮರ ಸ್ಥಿತಿ ಬೇರೆಯಾಯಿತು. ಅವರಿಗೆ ಉಳಿದುದು ಒಡೆತನವಲ್ಲ, ಕೂಲಿ.

ಪೌರಾಡಳಿತ ಈ ವಿಷಯದಲ್ಲಿ ಕೈಹಾಕಿದ ಸಂದರ್ಭ ವಿವರವಾಗಿ ನೋಡತಕ್ಕದ್ದು. ಸುಡಲು ಸೌದೆ ಬೇಕು, ಸೌದೆಗೆ ಹಣ ಬೇಕು. ಹಣವಿಲ್ಲದವರು ಶವಕ್ಕೆ ಬೆಂಕಿ ಸೋಕಿಸಿ ಅಥವಾ ಹಾಗೆಯೇ ನದಿಗೆ ಬಿಡುತ್ತಿದ್ದರು. ೧೮೬೪ರಲ್ಲಿ ಬಂಗಾಳದ ನೈರ್ಮಲ್ಯ ಆಯೋಗದ ಅಧ್ಯಕ್ಷ ಜಾನ್ ಸ್ಟ್ರಾಚಿ ಸಲ್ಲಿಸಿದ ವರದಿಯ ಪ್ರಕಾರ, ಕಲ್ಕತ್ತೆಯಿಂದ ವರ್ಷಕ್ಕೆ ೫,೦೦೦ಕ್ಕಿಂತ ಹೆಚ್ಚು ಶವಗಳು ಹೂಗ್ಲಿಯ ಪಾಲಾಗುತ್ತಿದ್ದುವು. ಒಂದು ವರ್ಷದಲ್ಲಿ ಸರ್ಕಾರಿ ಆಸ್ಪತ್ರೆಗಳಿಂದಲೇ ನದಿಗೆ ಎಸೆದ ಶವಗಳು ೧,೫೦೦. ನಗರದ ಬಹುಪಾಲು ಜನರ ದಿನಬಳಕೆಯ ನೀರೂ ಅದೇ ನದಿಯದು. ಹಿಂದೂಗಳ ಪದ್ಧತಿಯನ್ನು ಅನಾರೋಗ್ಯಕರವೆಂದು ಟೀಕಿಸುತ್ತಿದ್ದ ಸರ್ಕಾರವೇ ತನ್ನ ಆಸ್ಪತ್ರೆಯ ಅನಾಥ ಶವಗಳನ್ನು ಹೊಳೆಗೆ ಹಾಕಿಸುತ್ತಿದ್ದಿತೆಂಬುದು ಈ ಅಂಕಿಗಳಿಂದ ಸ್ಪಷ್ಟವಾಗುತ್ತದೆ.

ಅದೇ ವರ್ಷ ಘಾಟ್‌ಗಳನ್ನು ನಗರದ ಹೊರಗೆ ಸಾಗಿಸುವ ಸೂಚನೆ ಬಂದಾಗ ಅದನ್ನು ವಿರೋಧಿಸಿ ಮಾತನಾಡಿದವರು ರಾಮಗೋಪಾಲ ಘೋಷರು. ಇವರು ಸಂಪ್ರದಾಯಸ್ಥರಲ್ಲ, ‘ಯುವ ಬಂಗಾಳ’ ಪಂಥದವರು, ದಕ್ಷಿಣ ಪಾರ್ಕ್ ಸ್ಟ್ರೀಟಿನಲ್ಲಿ ಮಣ್ಣಾದ ಡೆರೋಜಿಯೋವಿನ ಶಿಷ್ಯವರ್ಗಕ್ಕೆ ಸೇರಿದವರು. ಆಚಾರಗಳನ್ನು ಪ್ರಶ್ನಿಸಿದ ತಲೆಮಾರಿನವರೇ ಘಾಟ್‌ನ ಪರವಾಗಿ ನಿಂತದ್ದು ಮೊದಲ ನೋಟಕ್ಕೆ ವಿಚಿತ್ರವೆನಿಸಬಹುದು. ಆದರೆ ಘಾಟ್ ದೂರವಾದರೆ ಹೆಗಲ ಮೇಲೆ ಹೊತ್ತೊಯ್ಯುವವರ ಗತಿ ಏನು ಎಂಬ ಪ್ರಶ್ನೆ ಆಚಾರದ್ದಷ್ಟೇ ಅಲ್ಲ. ಗಾಡಿಯುಳ್ಳವನಿಗೆ ನಾಲ್ಕು ಮೈಲಿ ದೊಡ್ಡದಲ್ಲ; ಹೊರುವ ಬಡವನಿಗೆ ಅದು ದೊಡ್ಡದು. ನಿಮ್ತಲಾ ಘಾಟ್ ಇದ್ದೆಡೆಯಲ್ಲೇ ಉಳಿಯಿತು.

ಮುಂದೆ ೧೯೪೧ರ ಆಗಸ್ಟ್ ೭ರಂದು ರವೀಂದ್ರನಾಥ ಠಾಕೂರರ ದಹನವಾದದ್ದು ಈ ಘಾಟ್‌ನಲ್ಲಿಯೇ. ಜನಸಂದಣಿ ಎಷ್ಟಿತ್ತೆಂದರೆ ಮಗ ರಥೀಂದ್ರನಾಥರು ಚಿತೆಯ ಬಳಿ ತಲುಪಲಾಗದೆ, ಮನೆತನದ ಬೇರೊಬ್ಬರು ಅಗ್ನಿಸ್ಪರ್ಶ ಮಾಡಬೇಕಾಯಿತು. ಹೆಗಲು ಕೊಡಲು ಯಾರೂ ಇಲ್ಲದ ಅನಾಥನ ಸಾವು ಒಂದು ಕೊನೆಯಾದರೆ, ಇಡೀ ನಗರವೇ ಹೆಗಲು ಕೊಡಲು ನುಗ್ಗಿ ಮಗನನ್ನೇ ಹೊರಗಿರಿಸಿದ ಈ ಸಾವು ಇನ್ನೊಂದು ಕೊನೆ.

೪

ಅನಾಥ ಶವಗಳ ಸಮಸ್ಯೆಗೆ ಇಪ್ಪತ್ತನೆಯ ಶತಮಾನದ ಕಲ್ಕತ್ತೆ ಕಂಡುಕೊಂಡ ಪರಿಹಾರ ಕಂಪನಿಯಲ್ಲ, ಸಮಿತಿ. ೧೯೦೫ರಲ್ಲಿ ಇಬ್ರಾಹಿಂ ಮುಹಮ್ಮದ್ ಡುಪ್ಲೆ ಅವರು ಸ್ಥಾಪಿಸಿದ ಅಂಜುಮನ್ ಮುಫೀದುಲ್ ಇಸ್ಲಾಂ ದಿಕ್ಕಿಲ್ಲದ ಮುಸ್ಲಿಮರ ದಫನದ ಹೊಣೆ ಹೊತ್ತಿತು. ೧೯೩೦ರ ದಶಕದಲ್ಲಿ ಹುಟ್ಟಿದ ಹಿಂದೂ ಸತ್ಕಾರ ಸಮಿತಿ ಹಿಂದೂಗಳ ವಿಷಯದಲ್ಲಿ ಅದೇ ಕೆಲಸ ಮಾಡಿತು. ಬಂಗಾಳಿಯಲ್ಲಿ ‘ಸತ್ಕಾರ’ ಎಂಬುದಕ್ಕೆ ಶವಸಂಸ್ಕಾರವೆಂಬ ಅರ್ಥವಿದೆ. ಅತಿಥಿಸತ್ಕಾರವನ್ನಷ್ಟೇ ಬಲ್ಲ ಕನ್ನಡಿಗರು ಈ ಹೆಸರನ್ನು ಕೇಳಿ ತಪ್ಪುತಿಳಿಯುವ ಸಂಭವವುಂಟು. ಆದರೂ, ಸತ್ತವನು ಕೊನೆಯ ಅತಿಥಿ ಎಂದು ಭಾವಿಸಿದರೆ ಎರಡು ಅರ್ಥಗಳೂ ದೂರವಲ್ಲ.

ಈ ಎರಡು ಸಂಸ್ಥೆಗಳ ನಿಜವಾದ ಪರೀಕ್ಷೆ ನಡೆದದ್ದು ೧೯೪೩ರ ಕ್ಷಾಮದಲ್ಲಿ. ಬಂಗಾಳದಲ್ಲಿ ಇಪ್ಪತ್ತರಿಂದ ಮೂವತ್ತು ಲಕ್ಷ ಜನರನ್ನು ಬಲಿ ತೆಗೆದುಕೊಂಡಿತೆಂದು ಅಂದಾಜಿಸಲಾದ ಆ ಕ್ಷಾಮದಲ್ಲಿ ಹಳ್ಳಿಗರು ಗಂಜಿ ಬೇಡುತ್ತ ಕಲ್ಕತ್ತೆಗೆ ಬಂದು ಕಾಲುದಾರಿಗಳಲ್ಲಿ ಸತ್ತರು. ಬೀದಿಯ ಶವಗಳನ್ನು ಎತ್ತುವ ಕೆಲಸ ಸತ್ಕಾರ ಸಮಿತಿ ಮತ್ತು ಅಂಜುಮನ್‌ಗಳ ಪಾಲಿಗೆ ಬಂದಿತು. ಅನ್ನವಿಲ್ಲದೆ ಸತ್ತವನ ಹೆಸರು, ಊರುಗಳು ಯಾರಿಗೂ ತಿಳಿಯದು. ಆದರೂ ಅವನು ಯಾವ ಮತದವನೆಂಬುದನ್ನು ನಿರ್ಣಯಿಸಿದ ಹೊರತು ಅವನಿಗೆ ಬೆಂಕಿಯೋ ಮಣ್ಣೋ ಎಂಬುದು ತೀರ್ಮಾನವಾಗುವಂತಿರಲಿಲ್ಲ. ಮೂರು ವರ್ಷಗಳ ನಂತರ, ೧೯೪೬ರ ಆಗಸ್ಟ್ ೧೬ರಂದು ಆರಂಭವಾದ ಗಲಭೆಯಲ್ಲಿ ಸತ್ತ ಸಾವಿರಾರು ಜನರ ದೇಹಗಳನ್ನೂ ಇವೇ ಸಂಸ್ಥೆಗಳು ಎತ್ತಿದುವು. ಒಂದೇ ಹಸಿವಿನಿಂದ ಸತ್ತಾಗ ಅವರನ್ನು ಬೇರ್ಪಡಿಸಿದ ಗುರುತೇ ಈಗ ಅವರನ್ನು ಕೊಂದ ಗುರುತೂ ಆಗಿದ್ದಿತು. ಸತ್ತವರನ್ನು ಸಮುದಾಯಕ್ಕೆ ಮರಳಿಸುವ ಪುಣ್ಯಕಾರ್ಯದೊಳಗೆ ಇಂತಹದೊಂದು ಕಹಿಯೂ ಅಡಗಿದೆಯೆಂಬುದನ್ನು ಚರಿತ್ರಕಾರರು ಮರೆಯಲಾಗದು.

೫

ಸ್ವಾತಂತ್ರ್ಯಾನಂತರದ ಬೆಳವಣಿಗೆಗಳಲ್ಲಿ ಹಳೆಯ ಧಾರೆಗಳು ಹೊಸ ರೂಪ ತಾಳಿದುವು. ೧೯೫೨ರಲ್ಲಿ ಮದರ್ ತೆರೇಸಾ ಅವರು ಕಾಳಿಘಾಟ್ ದೇವಾಲಯದ ಪಕ್ಕದ ಹಳೆಯ ಯಾತ್ರಿಕರ ಛತ್ರದಲ್ಲಿ ತೆರೆದ ನಿರ್ಮಲ ಹೃದಯವು, ಉದ್ದೇಶ ಬೇರೆಯಾದರೂ, ನಿಮ್ತಲಾದ ಗಂಗಾಯಾತ್ರಿ ನಿವಾಸವನ್ನು ನೆನಪಿಗೆ ತರುತ್ತದೆ. ಎರಡೂ ಸಾಯುವವರಿಗೆ ಸೂರು ಕೊಟ್ಟ ಮನೆಗಳು. ಹಿಂದೆ ಗೋರಿಸ್ಥಾನದ ರಸ್ತೆಯಾಗಿದ್ದ ಪಾರ್ಕ್ ಸ್ಟ್ರೀಟಿಗೆ ೨೦೦೪ರಲ್ಲಿ ಮದರ್ ತೆರೇಸಾ ಸರಣಿ ಎಂದು ಹೆಸರಿಟ್ಟುದು ಆಕಸ್ಮಿಕವೇ ಇರಬಹುದು. ಆದರೂ ಆ ಹೆಸರು ಆ ದಾರಿಗೆ ಒಪ್ಪುತ್ತದೆ.

ಹೆಗಲಿನ ಸ್ಥಾನಕ್ಕೆ ಗಾಜಿನ ಗೋಡೆಯ ಶವವಾಹನ ಬಂದಿತು; ಸೌದೆಯ ಜೊತೆಗೆ ವಿದ್ಯುತ್ ಕುಲುಮೆ ಬಂದಿತು. ಮಕ್ಕಳು ಪರದೇಶಗಳಲ್ಲಿ ನೆಲೆಸಿದಂತೆ, ಅವರು ಬಂದು ಸೇರುವವರೆಗೆ ದೇಹವನ್ನು ಶೀತಲದಲ್ಲಿ ಇರಿಸುವ ಮನೆ ಅನಿವಾರ್ಯವಾಯಿತು. ಮಲ್ಲಿಕ್ ಬಜಾರ್ ಬಳಿಯ ಪೀಸ್ ಹೇವನ್ ಮೂಲತಃ ಕ್ರೈಸ್ತರ ವ್ಯವಸ್ಥೆಗೆ ಸೇರಿದುದು. ಇಂದು ಎಲ್ಲ ಮತದವರಿಗೂ ಪರಿಚಿತ. ೨೦೧೦ರ ಜನವರಿ ೧೭ರಂದು ನಿಧನರಾದ ಮಾಜಿ ಮುಖ್ಯಮಂತ್ರಿ ಜ್ಯೋತಿ ಬಸು ಅವರ ದೇಹವನ್ನು, ವೈದ್ಯಕೀಯ ಸಂಸ್ಥೆಗೆ ದಾನವಾಗಿ ಒಪ್ಪಿಸುವವರೆಗೆ, ಇರಿಸಿದ್ದುದು ಅಲ್ಲಿಯೇ. ಲೆವೆಲಿನ್ ಕಂಪನಿಯ ಕಾಲದಲ್ಲಿ ಪರದೇಶಿಯಾಗಿದ್ದವನು ಸತ್ತವನು. ಈಗ ಪರದೇಶಿಯಾಗಿರುವವರು ಅವನ ಮಕ್ಕಳು. ಎರಡು ಸಂದರ್ಭಗಳಲ್ಲಿಯೂ ಬಂಧುಗಳ ಗೈರುಹಾಜರಿಯೇ ಈ ವೃತ್ತಿಯನ್ನು ಅಗತ್ಯವಾಗಿಸಿತೆಂಬುದು ಗಮನಾರ್ಹ. ೨೦೨೦ರ ಕೋವಿಡ್ ಪಿಡುಗಿನಲ್ಲಿ ಊರಿನಲ್ಲಿದ್ದ ಬಂಧುಗಳೂ ಗೈರುಹಾಜರಾಗಬೇಕಾಯಿತು. ಹಿಂದೆ ಗುರುತಿಲ್ಲದ ಶವಗಳನ್ನು ಸುಡುತ್ತಿದ್ದ ಧಾಪಾಕ್ಕೆ ಗುರುತುಳ್ಳವರ ದೇಹಗಳೂ ಮನೆಯವರಿಲ್ಲದೆ ಹೋದುವು.

ಇಷ್ಟೆಲ್ಲ ಬದಲಾದರೂ ಬದಲಾಗದೆ ಉಳಿದ ಒಂದು ಪದವಿದೆ. ೨೦೨೧ರಲ್ಲಿ ನೀಲರತನ್ ಸರ್ಕಾರ್ ವೈದ್ಯಕೀಯ ಕಾಲೇಜು ತನ್ನ ಶವಾಗಾರದ ಆರು ಸಹಾಯಕ ಹುದ್ದೆಗಳಿಗೆ ಅರ್ಜಿ ಕರೆಯಿತು. ಹುದ್ದೆಯ ಹೆಸರೇ ‘ಡೋಮ್’. ಎಂಟನೆಯ ತರಗತಿಯ ವಿದ್ಯಾರ್ಹತೆ ಸಾಕಾಗಿದ್ದ ಈ ಆರು ಹುದ್ದೆಗಳಿಗೆ ಸುಮಾರು ೮,೦೦೦ ಅರ್ಜಿಗಳು ಬಂದುವು. ಅವರಲ್ಲಿ ಪದವೀಧರರು, ಸ್ನಾತಕೋತ್ತರ ಪದವೀಧರರು, ಇಂಜಿನಿಯರುಗಳೂ ಇದ್ದರೆಂದು ಪತ್ರಿಕೆಗಳು ವರದಿ ಮಾಡಿದುವು. ಇದನ್ನು ನಿರುದ್ಯೋಗದ ಉದಾಹರಣೆಯಾಗಿ ಚರ್ಚಿಸಿದವರೇ ಹೆಚ್ಚು. ನಮಗೆ ಮುಖ್ಯವಾಗಿ ಕಾಣುವುದು ಬೇರೆ: ಸರ್ಕಾರಿ ದಾಖಲೆಯಲ್ಲಿ ಒಂದು ಜಾತಿಯ ಹೆಸರು ಒಂದು ಕೆಲಸದ ಹೆಸರಾಗಿ ಇಂದಿಗೂ ನಿಂತಿರುವುದು. ೨೦೨೪ರ ಆಗಸ್ಟಿನಲ್ಲಿ ಮಾಜಿ ಮುಖ್ಯಮಂತ್ರಿ ಬುದ್ಧದೇವ ಭಟ್ಟಾಚಾರ್ಯರ ದೇಹವನ್ನು ದಾನವಾಗಿ ಸ್ವೀಕರಿಸಿದುದೂ ಅದೇ ಕಾಲೇಜು. ಬ್ರಾಹ್ಮಣ ಮನೆತನದಲ್ಲಿ ಹುಟ್ಟಿದ ನಾಯಕರೊಬ್ಬರು ಸಂಸ್ಕಾರವನ್ನೇ ಬಿಟ್ಟುಕೊಡುವುದು ಸಾಧ್ಯವಾಯಿತು. ಹುದ್ದೆಯು ತನ್ನ ಜಾತಿಯ ಹೆಸರನ್ನು ಬಿಟ್ಟುಕೊಡುವುದು ಸಾಧ್ಯವಾಗಲಿಲ್ಲ.

೬

ಈ ಚರಿತ್ರೆ ಕನ್ನಡಿಗರಿಗೆ ಹೊರಗಿನದಲ್ಲ. ನಮ್ಮ ಹಳ್ಳಿಗಳಲ್ಲಿ ಸಾವಿನ ಸುದ್ದಿ ಮುಟ್ಟಿಸುವುದು, ಹಲಗೆ ಬಾರಿಸುವುದು, ಕುಣಿ ತೋಡುವುದು ದಲಿತ ಮನೆತನಗಳ ಮೇಲೆ ತಲೆಮಾರಿನಿಂದ ತಲೆಮಾರಿಗೆ ಹೇರಿದ ಬಿಟ್ಟಿ ಚಾಕರಿಯಾಗಿತ್ತು. ತೋಟಿ, ತಳವಾರ ಮುಂತಾದ ವಂಶಪಾರಂಪರ್ಯದ ಗ್ರಾಮ ಹುದ್ದೆಗಳನ್ನು ೧೯೬೧ರ ಮೈಸೂರು ಗ್ರಾಮ ಹುದ್ದೆಗಳ ರದ್ದಿಯಾತಿ ಕಾಯಿದೆ ತೆಗೆದುಹಾಕಿತು. ಕಾಯಿದೆ ಹುದ್ದೆಯನ್ನು ರದ್ದು ಮಾಡಿತು. ನಿರೀಕ್ಷೆಯನ್ನು ರದ್ದು ಮಾಡಲು ದಲಿತ ಚಳವಳಿಯೇ ಬರಬೇಕಾಯಿತು.

ಅನಂತಮೂರ್ತಿಯವರ ‘ಸಂಸ್ಕಾರ’ (೧೯೬೫) ಕಾದಂಬರಿಯನ್ನು ಈ ಬೆಳಕಿನಲ್ಲಿ ಮತ್ತೊಮ್ಮೆ ಓದಬಹುದೆಂದು ನಮಗೆ ತೋರುತ್ತದೆ. ನಾರಣಪ್ಪನ ಹೆಣಕ್ಕೆ ಸಂಸ್ಕಾರ ಮಾಡಬೇಕಾದವರು ಯಾರೆಂದು ಅಗ್ರಹಾರವೆಲ್ಲ ಧರ್ಮಶಾಸ್ತ್ರವನ್ನು ತಡಕುತ್ತಿರುವಾಗ, ಚಂದ್ರಿಯ ಮೊರೆಗೆ ಓಗೊಟ್ಟು ರಾತ್ರಿಯಲ್ಲಿ ಹೆಣವನ್ನು ಗಾಡಿಯ ಮೇಲೆ ಹಾಕಿಕೊಂಡು ಹೋಗಿ ಸುಡುವವನು ಮೀನಿನ ವ್ಯಾಪಾರಿ ಅಹ್ಮದ್ ಬ್ಯಾರಿ. ಅವನು ಬಂಧುವಲ್ಲ, ಡೋಮನಲ್ಲ, ಕಂಪನಿಯವನೂ ಅಲ್ಲ. ಮಧುಸೂದನ ದತ್ತರ ದೇಹ ಒಂದು ದಿನ ಕಾದಿದ್ದುದು, ೧೯೪೩ರ ಶವಗಳು ಮತದ ನಿರ್ಣಯಕ್ಕಾಗಿ ಕಾದಿದ್ದುದು ಇಂತಹ ಒಬ್ಬನಿಗಾಗಿಯೇ.

ಕಲ್ಕತ್ತೆಯ ಮೂರು ಶತಮಾನಗಳ ಅನುಭವದಿಂದ ನಾವು ತಲುಪುವ ನಿರ್ಣಯವಿಷ್ಟು. ‘ಮನೆತನದ ವೃತ್ತಿ’ ಎಂಬ ಮಾತು ಎಲ್ಲರಿಗೂ ಒಂದೇ ಅರ್ಥ ಕೊಡುವುದಿಲ್ಲ. ಪಶ್ಚಿಮದ ಸಣ್ಣ ಊರಿನ ಮಗ ತಂದೆಯ ಅಂಗಡಿಯನ್ನು ಆಸ್ತಿಯಾಗಿ ಪಡೆದನು. ಬೇಡವೆನಿಸಿದರೆ ಮಾರಿ ಹೋಗಬಲ್ಲವನಾಗಿದ್ದನು. ಚಿತೆಯ ಬಳಿಯ ಮಗ ತಂದೆಯ ಕೆಲಸವನ್ನು ಹುಟ್ಟಿನಿಂದ ಪಡೆದನು. ಅದನ್ನು ಕೊಳ್ಳುವವರೂ ಇರಲಿಲ್ಲ, ಬಿಡಲು ಬಿಡುವವರೂ ಇರಲಿಲ್ಲ. ಹೊತ್ತವರನ್ನು ಶ್ಮಶಾನಬಂಧುವೆಂದು ಕರೆದ ಭಾಷೆ, ಸುಟ್ಟವನಿಗೆ ಬಂಧುತ್ವವನ್ನು ಹೇಳಲಿಲ್ಲ. ಹೊತ್ತವರು ಸಂಜೆಗೆ ಬೇವು ಕಚ್ಚಿ ಶುದ್ಧರಾಗಿ ಮನೆ ಸೇರಿದರು. ಬೂದಿ ಬಾಚಿದವನಿಗೆ ಅಷ್ಟು ಸುಲಭವಾದ ಶುದ್ಧಿಯನ್ನು ಸಮಾಜ ಕೊಡಲಿಲ್ಲ. ಸ್ಮಾರಕಗಳ ಚರಿತ್ರೆಯಲ್ಲಿ ಸತ್ತವರ ಹೆಸರಿದೆ, ಕಲ್ಲು ಕೆತ್ತಿದ ಕಂಪನಿಯ ಹೆಸರೂ ಇದೆ. ಚಿತೆ ಒಟ್ಟಿದ ಕೈಗಳ ಹೆಸರು ಯಾವ ಕಲ್ಲಿನ ಮೂಲೆಯಲ್ಲಿಯೂ ಇಲ್ಲ. ಈ ವೃತ್ತಿಯ ಚರಿತ್ರೆ ಇನ್ನು ಮುಂದೆ ಆರಂಭವಾಗಬೇಕಾದುದು ಅಲ್ಲಿಂದ.